ದುಬೈಯಲ್ಲಿ ದಾರಿ ತಪ್ಪಿದ ಸರ್ವೆಯರ್

ಹೋದ ತಿಂಗಳು ಮೂವರು ಹೊಸ ಸರ್ವೆಯರುಗಳು ಶಿಕಾರಿಪುರದ ನನ್ನ ಮನೆಗೆ ಬಂದಿದ್ದರು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಅವರಲ್ಲಿ ರೇಖಾ ಎಂಬಾಕೆ ಬಲು ಚುರುಕು. ಚಹಾ ಮುಗಿಯುವ ಮೊದಲೇ ಕೇಳಿದಳು:

"ಸರ್, ನೀವು ದುಬೈಗೆ ಹೋಗಿ ದೊಡ್ಡ ಪ್ರದರ್ಶನ ನೋಡಿ ಬಂದೀರಂತೆ. ಅಲ್ಲಿ ಏನು ಕಂಡ್ರಿ ಹೇಳ್ರಿ."

"ಒಂದು ಹಳದಿ ಕ್ರೇನ್ ಕಂಡೆ," ಎಂದೆ.

ಮೂವರೂ ನಕ್ಕರು. ಮುದುಕನಿಗೆ ತಮಾಷೆ ಜಾಸ್ತಿ ಅಂದುಕೊಂಡಿರಬೇಕು. ಆದರೆ ನಾನು ಹೇಳಿದ್ದು ನಿಜ. ಅಷ್ಟು ದೂರ ವಿಮಾನದಲ್ಲಿ ಹೋಗಿ ನಾನು ಕಲಿತದ್ದೆಲ್ಲ ಆ ಕ್ರೇನಿನಿಂದಲೇ. ಅದನ್ನು ಸರಿಯಾಗಿ ಹೇಳಬೇಕೆಂದರೆ ಗುಡವಿಯಿಂದ ಶುರು ಮಾಡಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಅದೆಲ್ಲ ನನ್ನ ಸೇವಾ ಪುಸ್ತಕದಲ್ಲಿದೆ, ಓದಿದರೆ ಒಳ್ಳೆಯ ನಿದ್ದೆ ಬರುತ್ತದೆ.

ನನಗೆ ಕೆಲಸ ಕಲಿಸಿದವರು ಸೊರಬದ ಈರಪ್ಪನವರು. ತೆಳ್ಳಗಿನ ಆಳು, ಬಾಯಿ ತುಂಬ ಎಲೆಯಡಿಕೆ, ಕಂಕುಳಲ್ಲಿ ಛತ್ರಿ. ಆಗ ನಮಗೆ ಇದ್ದದ್ದು ಕಬ್ಬಿಣದ ಸರಪಳಿ. ಮೂವತ್ತಮೂರು ಅಡಿಯ ಸರಪಳಿ, ಅದರಲ್ಲಿ ಆಣೆ ಎನ್ನುವ ಹದಿನಾರು ಭಾಗ. ಸರಪಳಿ ಹಿಡಿಯುವ ಮೊದಲು ಈರಪ್ಪನವರು ನನ್ನ ಹೆಜ್ಜೆ ಅಳೆದರು. ಹದಿಮೂರು ಹೆಜ್ಜೆಗೆ ಒಂದು ಸರಪಳಿ ಬರುವ ತನಕ ತಾಲೂಕು ಕಚೇರಿಯ ಅಂಗಳದಲ್ಲಿ ವಾರಗಟ್ಟಲೆ ನಡೆಸಿದರು. ಆ ಹೆಜ್ಜೆ ಇವತ್ತಿಗೂ ಹೋಗಿಲ್ಲ. ಮದುವೆ ಮನೆಗೆ ಹೋದರೂ ಚಪ್ಪರ ಎಷ್ಟು ಸರಪಳಿ ಎಂದು ನನ್ನ ಕಾಲು ಎಣಿಸುತ್ತದೆ, ನಮ್ಮ ಸರೋಜ ಹಿಂದಿನಿಂದ ಬೆನ್ನಿಗೆ ತಿವಿಯುತ್ತಾಳೆ.

ಅವರು ಇನ್ನೆರಡು ಮಾತು ಹೇಳಿದ್ದರು. ಒಂದು, ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿ ಕೊಡಲಿಕ್ಕೆ ಹೋದಾಗ, ಮಹಜರಿಗೆ ಸಹಿ ಬೀಳುವ ತನಕ ಎರಡೂ ಕಡೆಯವರ ಮನೆಯ ನೀರು ಕೂಡ ಮುಟ್ಟಬಾರದು. ಇನ್ನೊಂದು, ಗಡಿ ಕಲ್ಲಿನ ಬುಡ. "ಹಳೇ ಬಾಂದುಕಲ್ಲು ಕಂಡ್ ಕೂಡ್ಲೇ ನಂಬ್ಬೇಡ ಮಾರಾಯ. ಬುಡ ಕೆದಕಿ ನೋಡು. ಹಿಂದಿನೋರು ಕಲ್ಲು ನೆಡೋವಾಗ ಕೆಳಗೆ ಇದ್ದಿಲು, ಹೆಂಚಿನ ಚೂರು ಹಾಕ್ತಿದ್ರು. ಇದ್ದಿಲು ಕೊಳೆಯೋದಿಲ್ಲ. ಇದ್ದಿಲು ಇದ್ರೆ ಕಲ್ಲು, ಇಲ್ಲದಿದ್ರೆ ಬರೀ ಬಂಡೆ."

ಈಗ ಗುಡವಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಲ್ಲಿಯ ಕೆರೆಯ ಅಂಚು ಅಳೆಯುತ್ತಿದ್ದೆವು. ಆಚೆ ದಡದಲ್ಲಿ ಬಿಳಿ ಬಾವುಟ ನೆಟ್ಟು ಬರಲು ನಮ್ಮ ಸರಪಳಿ ಆಳನ್ನು ಕಳಿಸಿದೆವು. ಸ್ವಲ್ಪ ಹೊತ್ತಿಗೆ ನೀರಿನಂಚಿನಲ್ಲಿ ಬಿಳಿ ಬಾವುಟ ಕಂಡಿತು. ನಾನು ಅದಕ್ಕೇ ನೇರ ಹಿಡಿದು ಗೆರೆ ಎಳೆದೆ, ಪುಸ್ತಕದಲ್ಲಿ ಬರೆದುಕೊಂಡೆ, ಎರಡನೆಯ ಸಲ ನೋಡುತ್ತೇನೆ, ಬಾವುಟ ಕತ್ತು ಚಾಚಿ, ರೆಕ್ಕೆ ಬಿಚ್ಚಿ ಹಾರಿಹೋಯಿತು! ಬೆಳ್ಳಕ್ಕಿ. ನಮ್ಮ ಆಳು ಇನ್ನೂ ಅರ್ಧ ದಾರಿಯಲ್ಲೇ ಬೀಡಿ ಸೇದುತ್ತಾ ನಿಂತಿದ್ದ. ಈರಪ್ಪನವರು ಕೆರೆ ಏರಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾರಿ ಹೋಗೋದನ್ನ ಗುರುತು ಮಾಡ್ಕೊಂಡ್ಯಲ್ಲೋ ಮಾರಾಯ!"

ಆ ಮಾತನ್ನು ನಾನು ಮೂವತ್ತು ವರ್ಷ ಜೋಕಿನ ಹಾಗೆ ಹೇಳಿಕೊಂಡು ತಿರುಗಿದೆ. ಜೋಕಾಗಿಯೇ ಉಳಿದದ್ದು ನನ್ನ ತಪ್ಪು.

ಕಾಲ ಬದಲಾಯಿತು. ಸರಪಳಿ ಗೋದಾಮು ಸೇರಿತು. ಮೂರು ಕಾಲಿನ ಮೇಲೆ ಕೂರುವ ಲೇಸರ್ ಯಂತ್ರ ಬಂತು, ಆಮೇಲೆ ಉಪಗ್ರಹದ ಸಂಕೇತ ಹಿಡಿದು ನಿಂತ ಜಾಗವನ್ನು ಬೆರಳಗಲದ ಲೆಕ್ಕದಲ್ಲಿ ಹೇಳುವ ರೋವರ್ ಕೋಲು ಬಂತು. ನನ್ನ ವಯಸ್ಸಿನವರು ಮುಖ ಸಿಂಡರಿಸಿದರು. ನನಗೆ ಮಾತ್ರ ಹುಚ್ಚು ಹಿಡಿಯಿತು. ಎಲ್ಲರಿಗಿಂತ ಮೊದಲು ಕಲಿತೆ. ಸೊರಬದ ಕಚೇರಿಯಲ್ಲಿ ನನಗೆ 'ಮಶಿನ್ ಬಸವರಾಜಪ್ಪ' ಎಂದೇ ಹೆಸರು. ಹೆಸರಿನ ಜೊತೆ ಸ್ವಲ್ಪ ಸೊಕ್ಕೂ ಬಂತು, ಸುಳ್ಳು ಯಾಕೆ ಹೇಳಲಿ.

ಆ ಸೊಕ್ಕಿನ ದಿನಗಳಲ್ಲೇ ಪಾರ್ವತಮ್ಮನ ಕೇಸು ಬಂದದ್ದು. ಆನವಟ್ಟಿ ಹೋಬಳಿಯ ಒಂದು ಹಳ್ಳಿ, ಹೆಸರು ಬೇಡ. ಗಂಡ ತೀರಿಕೊಂಡ ಮೇಲೆ ಪಾರ್ವತಮ್ಮ ತನ್ನ ಪಾಲಿನ ಜಮೀನನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಪಕ್ಕದ್ದು ಮೈದುನ ಶೇಖರಪ್ಪನದು. ನಡುವೆ ಒಂದು ಬಾವಿ, ಅವಳ ಗಂಡ ಕೈಯಾರೆ ತೋಡಿಸಿದ್ದು. ಬಾವಿ ತನ್ನ ಹದ್ದಿನೊಳಗೆ ಬರುತ್ತದೆ ಎಂದು ಶೇಖರಪ್ಪ ಅರ್ಜಿ ಹಾಕಿದ.

ಅಳತೆಗೆ ಕನಿಷ್ಠ ಎರಡು ಹಳೆಯ ಕಲ್ಲಾದರೂ ಬೇಕು. ಒಂದು ಕೆರೆ ರಸ್ತೆಯ ಪಕ್ಕದಲ್ಲೇ ಇತ್ತು. ಇನ್ನೊಂದು ಆಳೆತ್ತರದ ಮೆಕ್ಕೆಜೋಳದ ಹೊಲದ ನಡುವೆ. ಬಿಸಿಲು ಸುಡುತ್ತಿತ್ತು, ಜೋಳದ ಗರಿ ಕತ್ತು ಕುಯ್ಯುತ್ತಿತ್ತು, ನಾನು ಒಳಗೆ ಹೋಗಲಿಲ್ಲ. ಇಂಥ ಯಂತ್ರ ಇರುವಾಗ ಒಂದು ಕಲ್ಲು ಸಾಕು ಅಂದುಕೊಂಡೆ. ಯಂತ್ರ ಹೂಡುತ್ತಿದ್ದಾಗ ಪಾರ್ವತಮ್ಮ ಹತ್ತಿರ ಬಂದಳು.

"ಸಾಹೇಬ್ರ, ಈ ಕಲ್ಲು ಇಲ್ಲಿ ಇರಲಿಲ್ಲ್ರೀ. ರಸ್ತೆ ಅಗಲ ಮಾಡೋವಾಗ ಜೆಸಿಬಿಯವ್ನು ಎತ್ತಿ ಈಚೆಗಿಟ್ಟಾನ್ರೀ. ನಾ ಕಣ್ಣಾರೆ ನೋಡೀನಿ."

"ನಕ್ಷೆ ಪ್ರಕಾರ ಅಳೀತೀವಿ ತಾಯಿ, ಬಾಯಿ ಮಾತಿನ ಮೇಲಲ್ಲ," ಎಂದೆ. ಬುಡ ಕೆದಕಲಿಲ್ಲ. ಗೆರೆ ಎಳೆದೆ. ಬಾವಿ ಹತ್ತಡಿ ಆಚೆ, ಶೇಖರಪ್ಪನ ಕಡೆಗೆ ಬಿತ್ತು. ಮಹಜರಾದ ಮೇಲೆ ಶೇಖರಪ್ಪ ತಂದ ಚಹಾ ಕುಡಿದೆ. ಪಾರ್ವತಮ್ಮ ಸಹಿ ಹಾಕದೆ ಎದ್ದು ಹೋದಳು. ತಿಂಗಳೊಳಗೆ ಬಾವಿಯ ಸುತ್ತ ತಂತಿ ಬೇಲಿ ಬಂತು. ಅವಳ ಮೆಣಸಿನ ಗಿಡಗಳಿಗೆ ನೀರು ಕೆರೆಯಿಂದ ಕೊಡದಲ್ಲಿ ಹೋಗತೊಡಗಿತು. ಆಮೇಲೆ ಎರಡು ಮೂರು ಸಲ ಬಸ್ಸು ಹಿಡಿದು ಸೊರಬದ ಕಚೇರಿಗೆ ಬಂದು, "ಕಲ್ಲು ಸರಿದೈತ್ರೀ" ಎಂದಳು. ಮೇಲ್ಮನವಿ ಹಾಕಿಕೊಳ್ಳಿ ಎಂದು ನಾನು ಫೈಲಿನಿಂದ ತಲೆ ಎತ್ತದೆ ಹೇಳಿದೆ.

ಇದಾಗಿ ವರ್ಷದೊಳಗೆ ದುಬೈ ಸುದ್ದಿ ಬಂತು. ಜಗತ್ತಿನ ಅಳತೆ ಯಂತ್ರಗಳ ಅಂತರರಾಷ್ಟ್ರೀಯ ಪ್ರದರ್ಶನ. ಹೊಸ ಯಂತ್ರ ಕೊಳ್ಳುವ ಮುಂಚೆ ನೋಡಿ ಬರಲು ಒಂದು ತಂಡ ಹೋಗಬೇಕು. ನಮ್ಮ ಮೇಲಧಿಕಾರಿ ಪ್ರಭಾಕರ ಸಾಹೇಬರು ಹೊಲದಲ್ಲಿ ನಿಂತು ಕೆಲಸ ಮಾಡಿದವನು ಒಬ್ಬ ಬೇಕೇ ಬೇಕೆಂದು ಹಠ ಹಿಡಿದು ನನ್ನ ಹೆಸರು ಸೇರಿಸಿದರು. ನಿವೃತ್ತಿಗೆ ಏಳು ತಿಂಗಳಿದ್ದಾಗ ನಾನು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದೆ.

"ಅಲ್ಲೂ ಯಾರದಾದ್ರೂ ಜಮೀನು ಅಳೀಬೇಕೇನ್ರೀ?" ಎಂದು ಸರೋಜ ಚಕ್ಕುಲಿ ಕಟ್ಟಿಕೊಡುತ್ತಾ ಕೇಳಿದಳು.

ಅಬ್ಬಾ, ಆ ಊರು! ವಿಮಾನ ಇಳಿಯುವಾಗ ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಮರಳು, ಮರಳು, ಮರಳು, ಆಮೇಲೆ ಒಮ್ಮೆಲೇ ಗಾಜಿನ ಗೋಪುರಗಳ ಸಾಲು. ನಮ್ಮಲ್ಲಿ ಒಂದು ಗೆರೆ ಎಳೆಯಲು ನೂರು ವರ್ಷದ ಹಳೆಯ ಅಳತೆಯ ಟಿಪ್ಪಣಿ ತೆಗೆದು ದೂಳು ಕೊಡವಬೇಕು. ಅಲ್ಲಿ ಇಡೀ ಊರನ್ನೇ ನಿನ್ನೆ ಗೆರೆ ಎಳೆದು ಇವತ್ತು ನಿಲ್ಲಿಸಿದ ಹಾಗಿತ್ತು. ಮೆಟ್ರೋ ರೈಲಿಗೆ ಡ್ರೈವರನೇ ಇಲ್ಲ! ನಾನು ಎಲ್ಲರಿಗಿಂತ ಮುಂದಿನ ಸೀಟು ಹಿಡಿದು ಕೂತೆ. ಎದುರಿನ ಗಾಜಿನಲ್ಲಿ ಹಳಿ ಓಡಿ ಬರುತ್ತಿತ್ತು, ನಾನೇ ರೈಲು ಓಡಿಸುತ್ತಿದ್ದೇನೆ ಅನ್ನಿಸಿ ಎರಡು ನಿಲ್ದಾಣ ಹೆಚ್ಚೇ ಹೋದೆವು. "ಏನ್ರೀ ಬಸವರಾಜಪ್ಪ, ಚಿಕ್ಕ ಮಕ್ಕಳ ಥರ" ಎಂದು ಗದರಿದ ಸಾಹೇಬರು, ವಾಪಸು ಬರುವಾಗ ನನಗಿಂತ ಮೊದಲು ಓಡಿ ಆ ಸೀಟು ಹಿಡಿದರು.

ಪ್ರದರ್ಶನದ ಸಭಾಂಗಣ ಉದ್ದಕ್ಕೆ ಹನ್ನೊಂದು ಸರಪಳಿ. ಹೌದು, ಹೆಜ್ಜೆ ಹಾಕಿ ಅಳೆದೆ. ಮನುಷ್ಯ ಎಲ್ಲಿ ನಡೆದರೂ ಕತ್ತು ತಿರುಗಿಸಿ ಅವನನ್ನೇ ನೋಡುವ ಯಂತ್ರ ಅಲ್ಲಿತ್ತು. ಒಂದು ಸುತ್ತು ತಿರುಗಿ ಇಡೀ ಕೋಣೆಯನ್ನು, ನನ್ನ ಮೂಗಿನ ಸಮೇತ, ಚುಕ್ಕಿ ಚುಕ್ಕಿಯಾಗಿ ಪರದೆಯ ಮೇಲೆ ಬರೆಯುವ ಯಂತ್ರ ಇತ್ತು. ಹಾರಿ ಬಂದು ಅಂಗೈ ಮೇಲೆ ಇಳಿಯುವ ಡ್ರೋನು ಇತ್ತು. ಚೀನಾದವರು, ಜರ್ಮನಿಯವರು, ಆಫ್ರಿಕಾದವರು, ಎಲ್ಲರೂ ನನ್ನ ಹಾಗೆಯೇ ಬಿಸಿಲಿಗೆ ಸುಟ್ಟ ಕತ್ತಿನವರು! ಜಗತ್ತಿನ ತುಂಬ ಇಷ್ಟೊಂದು ಜನ ಹೊಲದ ಬದುವಿನ ಮೇಲೆ ನಡೆಯುವವರು ಇದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಈರಪ್ಪನವರು ಬದುಕಿದ್ದರೆ ಇಲ್ಲಿಗೆ ಛತ್ರಿ ಸಮೇತ ಎತ್ತಿಕೊಂಡು ಬರುತ್ತಿದ್ದೆ.

ಎರಡನೆಯ ದಿನ ಸಾಹೇಬರಿಗೆ ಮಧ್ಯಾಹ್ನದ ಮೇಲೆ ಯಾವುದೋ ಸಭೆ ಇತ್ತು. ನಾನೊಬ್ಬನೇ ಹೋಟೆಲಿಗೆ ಹೊರಟೆ. ಭಯವೇನೂ ಇರಲಿಲ್ಲ. ಬೆಳಿಗ್ಗೆ ಬರುವಾಗಲೇ ಸರ್ವೆಯರನ ಬುದ್ಧಿಯಿಂದ ದಾರಿ ಕಟ್ಟಿಕೊಂಡಿದ್ದೆ. ಸೊರಬದ ಕಡೆ ನಾವು ಚಂದ್ರಗುತ್ತಿ ಗುಡ್ಡ ನೋಡಿ ದಿಕ್ಕು ಹಿಡಿಯುವ ಹಾಗೆ ಅಲ್ಲಿ ಜಗತ್ತಿನ ಅತಿ ಎತ್ತರದ ಆ ಗೋಪುರ. ಜಾಗ ಹಿಡಿಯಲು ಮಾತ್ರ ಹತ್ತಿರದ ಗುರುತು ಬೇಕು. ಹೋಟೆಲಿನ ಬಾಗಿಲಿನಿಂದ ಆರು ಸರಪಳಿಗೆ, ಮನೆಗಳ ತಲೆ ಮೀರಿ ನಿಂತ ಹಳದಿ ಕ್ರೇನ್ ಇತ್ತು. ಅಲ್ಲಿ ಬಲಕ್ಕೆ ತಿರುಗಿ ಒಂಬತ್ತು ಸರಪಳಿಗೆ ಮೆಟ್ರೋ. ಇಷ್ಟು ಗಟ್ಟಿ ಗುರುತು ಇರುವಾಗ ಹೋಟೆಲಿನ ವಿಳಾಸದ ಚೀಟಿ ಯಾಕೆ? ಅದು ಕೋಣೆಯಲ್ಲಿದ್ದ ಇನ್ನೊಂದು ಅಂಗಿಯ ಜೇಬಿನಲ್ಲಿತ್ತು. ನನ್ನ ಫೋನಿಗೆ ಆ ದೇಶದಲ್ಲಿ ಜೀವ ಇರಲಿಲ್ಲ.

ಮೆಟ್ರೋ ಇಳಿದು ನೋಡುತ್ತೇನೆ, ಕ್ರೇನ್ ಇಲ್ಲ! ಬೆಳಿಗ್ಗೆ ನಡೆದು ಬಂದ ರಸ್ತೆಯೂ ಇಲ್ಲ. ಅಡ್ಡಕ್ಕೆ ಕೆಂಪು ಬಿಳಿ ಅಡ್ಡಗಟ್ಟೆ, ಅದರಾಚೆ ಅಗೆದ ಗುಂಡಿ, ನಡೆಯುವವರಿಗೆ ತಗಡಿನ ನಡುವೆ ಸುತ್ತು ದಾರಿ. ದೂಳಿನ ಮಬ್ಬಿನಲ್ಲಿ ಗೋಪುರವೂ ಮಾಯ. ಸುತ್ತು ದಾರಿಯಲ್ಲಿ ಹೆಜ್ಜೆಯ ಲೆಕ್ಕ ತಪ್ಪಿತು. ಒಂದೇ ಥರದ ಬಾಲ್ಕನಿ, ಒಂದೇ ಥರದ ಅಂಗಡಿ. ಸರ್ವೆಯರ್ ಆದವನು ದಾರಿ ಕೇಳುವುದೇ ಎಂದು ಒಂದು ಗಂಟೆ ತಿರುಗಿದೆ. ಅಂಗಿ ಬೆನ್ನಿಗೆ ಅಂಟಿತು, ಬಾಯಿ ಒಣಗಿತು.

ಕೊನೆಗೆ ಗುಂಡಿಯ ಪಕ್ಕದಲ್ಲಿ ಒಂದು ಪರಿಚಿತ ವಸ್ತು ಕಂಡಿತು. ಮೂರು ಕಾಲಿನ ಮೇಲೆ ಕೂತ ಲೇಸರ್ ಯಂತ್ರ! ನೆಂಟರ ಮನೆ ಸಿಕ್ಕಷ್ಟು ಖುಷಿಯಾಗಿ ಓಡಿದೆ. ಯಂತ್ರದ ಹಿಂದಿದ್ದವನ ಹೆಸರು ಅಸ್ಲಂ, ಗಡಿಯಾಚೆಯ ಪಂಜಾಬಿನವನು, ರಸ್ತೆ ಕೆಲಸದ ಸರ್ವೆಯರ್. ನನ್ನ ಹಿಂದಿ ಶಿಕಾರಿಪುರದ ಸಂತೆಯ ಹಿಂದಿ. ಆದರೂ ನಮ್ಮ ಕೆಲಸದ ಮಾತುಗಳು ಇಬ್ಬರಿಗೂ ಒಂದೇ: ಜಮೀನು, ನಕ್ಷೆ, ಹದ್ದು, ತಕರಾರು. ನಾನೂ ಸರ್ವೆಯರ್ ಎಂದು ಎದೆ ಮುಟ್ಟಿ ಹೇಳಿದೆ. ದಾರಿ ತಪ್ಪಿದ್ದನ್ನೂ ಹೇಳಿದೆ. ಕ್ರೇನನ್ನು ಗುರುತು ಮಾಡಿಕೊಂಡದ್ದನ್ನು ಕೇಳಿ ಅವನು ಈರಪ್ಪನವರ ಹಾಗೆಯೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದು ಲಾರಿ ಮೇಲಿನ ಕ್ರೇನ್, ಅಣ್ಣ. ಮಧ್ಯಾಹ್ನವೇ ಹೋಯಿತು. ನೀವು ತಲೆ ನೋಡಿದಿರಿ, ಬುನಾದಿ ನೋಡಲಿಲ್ಲವೇ? ಕೆಳಗೆ ಚಕ್ರ ಇದ್ದವಲ್ಲ!"

ಅವನು ತನ್ನ ಗುರುತು ತೋರಿಸಿದ. ಕಾಂಕ್ರೀಟಿನಲ್ಲಿ ಹೂತ ಹಿತ್ತಾಳೆ ಮೊಳೆ. "ಈ ಊರಲ್ಲಿ ಎಲ್ಲಾ ಓಡಾಡುತ್ತೆ. ದಿನಾ ಬೆಳಿಗ್ಗೆ ಮೊದಲು ನನ್ನ ಮೊಳೆ ಅಲ್ಲೇ ಇದೆಯಾ ಅಂತ ನೋಡ್ತೀನಿ, ಆಮೇಲೆ ಚಹಾ," ಎಂದ. ಬಳಿಕ ನೆಲದ ಮೇಲೆ ಸುಣ್ಣದಲ್ಲಿ ಒಂದು ಗುಣಾಕಾರದ ಚಿಹ್ನೆ ಹಾಕಿ, "ಬೆಳಿಗ್ಗೆ ಕ್ರೇನ್ ಇಲ್ಲೇ ನಿಂತಿತ್ತು. ನಾನೇ ನೋಡಿದೀನಿ. ಇಲ್ಲಿಂದ ನಿಮ್ಮ ಹೆಜ್ಜೆ ಹಾಕಿ," ಎಂದ.

ಹಾಕಿದೆ. ಆರು ಸರಪಳಿ, ಎಪ್ಪತ್ತೆಂಟು ಹೆಜ್ಜೆ. ಎಪ್ಪತ್ತೇಳನೆಯದಕ್ಕೆ ಹೋಟೆಲಿನ ಬಾಗಿಲು!

ಕುಣಿಯಬೇಕಿತ್ತು. ಆದರೆ ಬಾಗಿಲಲ್ಲೇ ನಿಂತುಬಿಟ್ಟೆ. ಗುರುತು ಸರಿದಿತ್ತು. ಮೊದಲು ಅದು ಎಲ್ಲಿತ್ತು ಎಂದು ಕಣ್ಣಾರೆ ಕಂಡವನು ಒಬ್ಬ ಇದ್ದ. ಅವನ ಬಾಯಿ ಮಾತು ನಂಬಿ ನಡೆದೆ, ಹೋಟೆಲು ಸಿಕ್ಕಿತು. ಪಾರ್ವತಮ್ಮ ಹೇಳಿದ್ದೂ ಇದೇ ಅಲ್ಲವೇ? "ನಾ ಕಣ್ಣಾರೆ ನೋಡೀನಿ." ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವನ ಮಾತಿಗೆ ಕೊಟ್ಟ ಬೆಲೆಯನ್ನು ಹುಟ್ಟಿದಂದಿನಿಂದ ಆ ಸೀಮೆಯಲ್ಲೇ ಬದುಕಿದ ಹೆಂಗಸಿನ ಮಾತಿಗೆ ನಾನು ಕೊಟ್ಟಿರಲಿಲ್ಲ. ನಾಚಿಕೆಯಾಯಿತು.

ಮೂರನೆಯ ದಿನ ಪ್ರದರ್ಶನದಲ್ಲಿ ಎಲ್ಲಕ್ಕಿಂತ ದುಬಾರಿ ರೋವರಿನ ಮುಂದೆ ನಿಂತು, ಸಾಹೇಬರ ಬಾಯಿಂದ ಇಂಗ್ಲಿಷಿನಲ್ಲಿ ಕೇಳಿಸಿದೆ: ಯಾರೋ ಕಲ್ಲು ಸರಿಸಿದ್ದರೆ ಇದು ಹೇಳುತ್ತದೆಯೇ? ಮಾರುವ ಹುಡುಗಿ ನಕ್ಕು, ನಿಲ್ಲಿಸಿದ ಜಾಗ ಯಾವುದೆಂದು ಇದು ಹೇಳುತ್ತದೆ, ಅದೇ ಸರಿಯಾದ ಜಾಗವೇ ಎಂದು ನೀವೇ ಹೇಳಬೇಕು ಎಂದಳು. ಸಾಹೇಬರು ನನ್ನ ಮುಖ ನೋಡಿದರು. ವಾಪಸಾಗುವಾಗ ವಿಮಾನದಲ್ಲಿ ಎಲ್ಲವನ್ನೂ ಅವರಿಗೆ ಹೇಳಿದೆ.

"ನಿವೃತ್ತಿ ಹತ್ತಿರ ಇಟ್ಕೊಂಡು ತಪ್ಪು ಮಾಡಿದೆ ಅಂತ ನೀವೇ ಬರೆದುಕೊಟ್ರೆ ವಿಚಾರಣೆ ಬರುತ್ತೆ ಕಣ್ರೀ. ಪಿಂಚಣಿ ತಡ ಆಗಬಹುದು," ಎಂದರು.

"ಅವಳ ತಲೆ ಮೇಲಿನ ಕೊಡ ಇಳಿಸೋದು ಈಗಾಗಲೇ ತಡ ಆಗಿದೆ ಸರ್," ಎಂದೆ. "ಹಾಗಾದ್ರೆ ಬರೆದುಕೊಡಿ. ಮರು ಅಳತೆಗೆ ನಾನೂ ಬರ್ತೀನಿ," ಎಂದರು. ಇಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ.

ಮರು ಅಳತೆಯ ದಿನ ಮೆಕ್ಕೆಜೋಳ ಕಟಾವಾಗಿತ್ತು. ಶೇಖರಪ್ಪ ಕೈ ಕಟ್ಟಿ ನಿಂತಿದ್ದ. ಯಂತ್ರ ತೆಗೆಯುವ ಮೊದಲು ಪಾರ್ವತಮ್ಮನನ್ನು ಕೇಳಿದೆ: "ಕಲ್ಲು ಮೊದಲು ಎಲ್ಲಿತ್ತು? ನಿಂತು ತೋರಿಸಿ ತಾಯಿ." ಅವಳು ನನ್ನನ್ನು ಒಂದು ಕ್ಷಣ ನೋಡಿ, ರಸ್ತೆಯಂಚಿಗೆ ಹೋಗಿ ನಿಂತಳು. ಅವಳ ಕಾಲಿನ ಸುತ್ತ ಸುಣ್ಣ ಹಾಕಿದೆ. ಆಮೇಲೆ ರಸ್ತೆ ಪಕ್ಕದ ಕಲ್ಲಿನ ಬುಡ ಅಗೆಸಿದೆ. ಹಸಿ ಮಣ್ಣು, ಒಂದು ಪ್ಲಾಸ್ಟಿಕ್ ಚೀಲ. ಇದ್ದಿಲಿಲ್ಲ. ಹೊಲದ ನಡುವಿನ ಕಲ್ಲಿನ ಬುಡ ಅಗೆಸಿದೆ. ಕರಿ ಇದ್ದಿಲು, ಕೆಂಪು ಹೆಂಚಿನ ಚೂರು!

ಆ ಕಲ್ಲಿನಿಂದ ಹಳೆಯ ಟಿಪ್ಪಣಿಯ ಲೆಕ್ಕ ಹಿಡಿದು ರೋವರ್ ಕೋಲು ಹೊತ್ತು ರಸ್ತೆಯತ್ತ ನಡೆದೆ. ಇಡೀ ಹಳ್ಳಿ ಹಿಂದೆ. ಪರದೆಯ ಮೇಲೆ ಅಂಕಿ ಕಡಿಮೆಯಾಗುತ್ತಾ ಬಂತು, ಹತ್ತಡಿ, ಐದಡಿ, ಎರಡಡಿ, ಆಮೇಲೆ ಕೋಲು ಬೀಪ್ ಎಂದು ಕೂಗಿತು. ಕೆಳಗೆ ನೋಡಿದರೆ ನಾನು ನಿಂತದ್ದು ಸುಣ್ಣದ ಸುತ್ತಿನಿಂದ ಒಂದು ಗೇಣು ಆಚೆ. ಸಾಹೇಬರೇ ಗುದ್ದಲಿ ಇಸಿದುಕೊಂಡು ಮೊದಲ ಎರಡು ಏಟು ಹಾಕಿದರು. ಮೊಣಕೈ ಆಳಕ್ಕೆ ಇದ್ದಿಲು ಸಿಕ್ಕಿತು. ನಾನು ಅದನ್ನು ಕೈಯಲ್ಲಿ ಹಿಡಿದು ಚಿಕ್ಕ ಹುಡುಗನಂತೆ ಎತ್ತಿ ಎಲ್ಲರಿಗೂ ತೋರಿಸಿದೆ. ಬಾವಿ ಪಾರ್ವತಮ್ಮನದಾಯಿತು.

ಶೇಖರಪ್ಪ ಮೇಲ್ಮನವಿ ಹಾಕುತ್ತೇನೆಂದು ಹೇಳಿ, ಸಹಿ ಹಾಕದೆ ಹೋದ. ಅದು ಅವನ ಹಕ್ಕು. ನನಗೆ ಒಂದು ನೋಟಿಸು ಬಂತು, ಪಿಂಚಣಿ ನಾಲ್ಕು ತಿಂಗಳು ತಡವಾಯಿತು. ಸರೋಜ ಬೈದಳು, ಆಮೇಲೆ ಕಥೆ ಪೂರ್ತಿ ಕೇಳಿ ಚಹಾ ತಂದಿಟ್ಟಳು.

ಮರು ಅಳತೆಯ ದಿನ ಮಹಜರಿಗೆ ಸಹಿ ಬೀಳುವ ತನಕ ನಾನು ಯಾರ ನೀರನ್ನೂ ಮುಟ್ಟಲಿಲ್ಲ. ಪಾರ್ವತಮ್ಮ ಬೇಲಿಯ ಸಂದಿಯಲ್ಲಿ ನುಗ್ಗಿ ಬಾವಿಯಿಂದ ಒಂದು ಕೊಡ ಸೇದಿ ತಂದಳು. ಮೊದಲು ಸಾಹೇಬರಿಗೆ, ಆಮೇಲೆ ನನಗೆ ತಂಬಿಗೆ ಕೊಟ್ಟಳು. ದುಬೈಯಲ್ಲಿ ದಾರಿ ತಪ್ಪಿದ್ದು, ಕ್ರೇನ್, ಅಸ್ಲಂ, ಎಲ್ಲವನ್ನೂ ಉತ್ಸಾಹದಿಂದ ಹೇಳುತ್ತಾ ಕುಡಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು, ಖಾಲಿ ತಂಬಿಗೆ ವಾಪಸು ಇಸಿದುಕೊಂಡಳು.

"ನಮ್ಮ ರಸ್ತಿ ಪಕ್ಕದಾಗ ನಿಂತು ಹೇಳಿದ್ದು ಕೇಳಾಕ ನೀವು ದುಬೈಗೆ ಹೋಗಿ ಬರಬೇಕಾತೇನ್ರೀ, ಸಾಹೇಬ್ರ?"